ತಿಪ್ಪಣ್ಣನ ಮೂಗು

ಡಾಕ್ಟರು ಟಾರ್ಚು ಹಾಕಿ ಮಗುವಿನ ಗಂಟಲನ್ನು ಎರಡನೆಯ ಸಲ ನೋಡಿದಾಗ ಬಂಡೆಮ್ಮನಿಗೆ ಅನುಮಾನ ಬಂತು. ನೆಗಡಿ ನೋಡುವವರು ಅಷ್ಟು ಹೊತ್ತು ನೋಡುವುದಿಲ್ಲ.

ಎರಡು ವರ್ಷದ ಜಂಬಣ್ಣನಿಗೆ ಕಿವಿ ಸೋರುವುದು ನಿಂತರೆ ಎದೆ ಕಟ್ಟುತ್ತಿತ್ತು, ಎದೆ ಬಿಟ್ಟರೆ ಕುರು ಏಳುತ್ತಿತ್ತು. ದೇವದುರ್ಗದ ಸೂಜಿಗಳೆಲ್ಲ ಮುಗಿದ ಮೇಲೆ ಗಂಡ ಹನುಮಂತ್ರಾಯ ಇಬ್ಬರನ್ನೂ ರಾಯಚೂರಿಗೆ ಕರೆತಂದಿದ್ದ. ಹೊರಡುವಾಗ ಅತ್ತೆ ಮಾರೆಮ್ಮ ಹೊಸ್ತಿಲಲ್ಲಿ ನಿಂತು ಹೇಳಿದ್ದಳು: "ನಮ್ಮ ವಂಶದಾಗ ಇಂಥ ಕೂಸಿಲ್ಲ. ಈ ರೋಗ ಅಕಿ ತವರಿಂದ ಬಂದದ್ದಿದ್ರ ಅಕೀನೂ ಅಲ್ಲಿಗೇ ಹೋಗ್ಲಿ."

"ಗಂಟಲಾಗ ಟಾನ್ಸಿಲ್ ಅಂತ ಎರಡು ಗಡ್ಡಿ ಇರ್ತಾವ. ಇವನಿಗೆ ಕಾಣವಲ್ವು," ಎಂದರು ಡಾಕ್ಟರು. "ಬ್ಯಾನಿ ಜೋಡಿ ಬಡಿದಾಡೋ ಶಕ್ತಿ ಇವನ ರಕ್ತದಾಗ ಹುಟ್ಟಿಲ್ಲೇನೋ. ಯವ್ವಾ, ನಿನ್ನ ತವರಾಗ ಸಣ್ಣ ಗಂಡುಮಕ್ಕಳು ಯಾರರೆ ತೀರಿ ಹೋಗ್ಯಾರೇನು?"

ಗಂಡುಮಕ್ಕಳನ್ನೇ ಯಾಕೆ ಕೇಳುತ್ತಾರೆ? ಅತ್ತೆ ಇವರಿಗೂ ಹೇಳಿ ಕಳಿಸಿದ್ದಾಳೆಯೇ? ಗಂಡ ತನ್ನ ಬಾಯಿಯನ್ನೇ ನೋಡುತ್ತಿದ್ದ.

"ಇಲ್ರಿ. ಒಬ್ಬನೇ ತಮ್ಮ. ನಮ್ಮೂರು ನೀರಮಾನ್ವ್ಯಾಗ ಚೆಂದ ಅದಾನ."

"ಹೆಸರು?"

"ತಿಪ್ಪಣ್ಣ. ಅಜ್ಜನ ಹೆಸರ್ರಿ."

ಡಾಕ್ಟರು ಅದೇ ಸೀಮೆಯ ಮಾನ್ವಿಯವರು. ಗಂಡುಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸು ಸಾವಿನ ಕಣ್ಣಿಗೆ ಬೀಳದಿರಲೆಂದು ಅದನ್ನು ತಿಪ್ಪೆಯ ಮೇಲೆ ಉರುಳಿಸಿ, ಮೂಗು ಚುಚ್ಚಿಸಿ, ಆ ಹೆಸರಿಡುವುದು ಅವರಿಗೆ ಗೊತ್ತಿತ್ತು. ಹನುಮಂತ್ರಾಯನ ಕಡೆ ತಿರುಗಿದರು.

"ಆ ತಿಪ್ಪಣ್ಣನ ಮೂಗು ಚುಚ್ಚ್ಯಾರೇನಪ್ಪ?"

"ತೂತಿನಂಥ ಕಲಿ ಅದರಿ. ಇಕಿ ಸಿಡುಬಿನ ಕಲಿ ಅಂದಿದ್ಲು." ಅವನ ದನಿ ನಿಧಾನವಾಯಿತು. "ಮುಖದ ಮ್ಯಾಲ ಮತ್ತೆಲ್ಲೂ ಕಲಿ ಇಲ್ಲ."

"ಯವ್ವಾ, ಕೆಲವು ಬ್ಯಾನಿ ತಾಯಿ ಕಡಿಂದ ಗಂಡುಮಕ್ಕಳಿಗಷ್ಟೇ ಬರ್ತಾವ. ಖರೆ ಹೇಳಿದ್ರ ಏನು ಹುಡುಕಬೇಕು ಅನ್ನೋದು ತಿಳೀತದ. ಹೈದರಾಬಾದಿನ ದೊಡ್ಡ ದವಾಖಾನಿಗೆ ಚೀಟಿ ಕೊಡ್ತೀನಿ. ನಾ ಅಂದ್ಕೊಂಡದ್ದೇ ಆಗಿದ್ರ, ತಿಂಗಳಾ ತಿಂಗಳಾ ಸೂಜಿ ಹಾಕಿದ್ರ ಹುಡುಗ ಬದುಕಬಹುದು."

ಜಂಬಣ್ಣನ ಕಿವಿಯ ಕೀವು ಅವಳ ತೋಳಿಗೆ ಹತ್ತಿತ್ತು.

"ಮೂರು ಗಂಡು ಹೋದ್ವು," ಎಂದಳು. "ಮೂರಕ್ಕೂ ಹಿಂಗ ಕಿವಿ ಸೋರ್ತಿತ್ತು."

"ಗೊತ್ತಿದ್ದೂ ಮುಚ್ಚಿಟ್ಟಿ," ಎಂದ ಹನುಮಂತ್ರಾಯ.

"ಹೇಳಿದ್ರ ನಿಮ್ಮವ್ವ ನನ್ನ ಇಟಗೊಂತಿದ್ಲೇನು?"

ಬಸ್ ನಿಲ್ದಾಣದಲ್ಲಿ ಊರಿಗೆ ಹೋಗುವ ದೇವದುರ್ಗದ ಬಸ್ಸೂ ನಿಂತಿತ್ತು. ಬಂಡೆಮ್ಮ ಗಂಡನನ್ನು ಕೇಳದೆ ಹೈದರಾಬಾದಿನದನ್ನು ಹತ್ತಿದಳು. ಡ್ರೈವರು ಹಾರನ್ ಹೊಡೆದ ಮೇಲೆ ಅವನೂ ಹತ್ತಿದ. ಅವಳ ಪಕ್ಕ ಜಾಗವಿದ್ದರೂ ಹಿಂದಿನ ಸೀಟಿನಲ್ಲಿ ಕೂತ.

"ಕೂಸನ್ನ ಇತ್ತಾಗ ಕೊಡು," ಎಂದ ಸ್ವಲ್ಪ ದೂರ ಹೋದ ಮೇಲೆ. "ನಿನ್ನ ಕೈ ನೋಯಾಕತ್ತಿರಬೇಕು."

ಅವಳು ತಿರುಗಲಿಲ್ಲ.

"ಹೈದರಾಬಾದ ಬರ್ಲಿ, ಕೊಡ್ತೀನಿ."