ಬೀರುವಿನ ಹಿಂದಿನ ಗೋಡೆ

ಆರನೇ ವಾರದ ಹೊತ್ತಿಗೆ ಅವಳಿಗೆ ಜನರ ಮುಖ ನೆನಪಿರುತ್ತಿರಲಿಲ್ಲ, ಅರ್ಜಿಗಳು ನೆನಪಿರುತ್ತಿದ್ದವು. ಲೈಬ್ರರಿಯಲ್ಲಿ ಪುಸ್ತಕಗಳಿಗೆ ನಂಬರು ಅಂಟಿಸಿಕೊಂಡು ತನ್ನ ಪಾಡಿಗೆ ತಾನಿದ್ದವಳನ್ನು, ಹೊಳೆ ಉಕ್ಕಿ ಊರೊಳಗೆ ನುಗ್ಗಿದ ಮರುವಾರವೇ ಈ ಶಾಲೆಯ ಕೋಣೆಗೆ ತಂದು ಮಕ್ಕಳ ಬೆಂಚಿನ ಮೇಲೆ ಕೂರಿಸಿದ್ದರು. ಬಾಗಿಲಿಗೆ ‘ನೆರವು ಕೇಂದ್ರ’ ಅಂತ ಒಂದು ರಟ್ಟು. ಮನೆಗೆ ನೀರು ನುಗ್ಗಿದವರಿಗೆ ಯಾವ ಪರಿಹಾರ ಎಲ್ಲಿ ಸಿಗುತ್ತದೆ, ಯಾವ ಕಾಗದ ಬೇಕು, ಯಾರ ರುಜು ಬೇಕು ಎಂದು ಹೇಳಿ ಅರ್ಜಿ ತುಂಬಿಕೊಡುವುದು ಅವಳ ಕೆಲಸ. ಬಂದವರೆಲ್ಲ ಅವಳನ್ನು ಲೈಬ್ರರಿ ಮೇಡಂ ಎನ್ನುತ್ತಿದ್ದರು. ಮೊದಲ ವಾರ ಬಂದವರ ಜೊತೆ ತಾನೂ ಅತ್ತಿದ್ದಳು. ಈಗ ಯಾರಾದರೂ ಕಣ್ಣೊರೆಸಿಕೊಂಡರೆ, “ಮೊದ್ಲು ಮನೆ ನಂಬರ್ ಹೇಳ್ಬಿಡಿ, ಆಮೇಲೆ ಅಳೋರಂತೆ” ಎನ್ನುತ್ತಿದ್ದಳು. ಹಾಗೆ ಅಂದುಬಿಟ್ಟು ಆಮೇಲೆ ತನ್ನ ಮೇಲೇ ಬೇಜಾರು ಮಾಡಿಕೊಳ್ಳುವುದೂ ಈಗ ಅಭ್ಯಾಸವಾಗಿತ್ತು.

ಅವತ್ತು ಮರುಪರಿಶೀಲನೆಯ ಅರ್ಜಿಗೆ ಕೊನೇ ದಿನ. ಐದು ಗಂಟೆಗೆ ಕಿಟಕಿ ಮುಚ್ಚಿದರೆ ಮುಗಿಯಿತು, ಆಮೇಲೆ ತಲೆ ಚಚ್ಚಿಕೊಂಡರೂ ತೆಗೆಯುವವರಿಲ್ಲ. ಬೆಳಗಿನಿಂದ ಮೂವತ್ತು ಜನರಿಗೆ ಬರೆದು ಅವಳ ಬೆರಳು ಸೆಟೆದುಕೊಂಡಿದ್ದವು. ಮಧ್ಯಾಹ್ನ ಡಬ್ಬಿ ಬಿಚ್ಚಬೇಕು ಅನ್ನುವಾಗ ಪೇಂಟರ್ ಬಂದ. ನಲವತ್ತೈದರ ಆಸುಪಾಸಿನ ಆಳು, ಉಗುರಿನ ಸಂದಿಯಲ್ಲೆಲ್ಲ ತಿಳಿ ಹಸಿರು ಬಣ್ಣ.

“ನಮ್ಮಕ್ಕನ ಅರ್ಜಿ ವಾಪಸ್ ಬಂದಿದೆ ಮೇಡಂ,” ಎಂದು ಮಡಿಚಿದ ಕಾಗದ ಚಾಚಿದ.

ಕಾಗದದಲ್ಲಿ ಒಂದೇ ಸಾಲು: ನೀರು ನುಗ್ಗಿದ ಗುರುತು ಕಂಡುಬಂದಿಲ್ಲ.

“ನಿಮ್ಮ ಬೀದೀಲಿ ಎಲ್ಲಾ ಮನೆಗೂ ನುಗ್ಗಿತ್ತಲ್ಲ? ಇವರಿಗೆ ಮಾತ್ರ ಯಾಕೆ ಕಾಣಲಿಲ್ಲ?”

“ಬಣ್ಣ ಹೊಡೆದ್ಬಿಟ್ಟೆ.”

“ಏನು?”

“ಕೆಸರಿನ ಗೆರೆ ಇತ್ತಲ್ಲ ಗೋಡೆ ಮೇಲೆ, ಕೆರೆದು, ಪುಟ್ಟಿ ಹಾಕಿ, ಪ್ರೈಮರ್ ಹೊಡೆದು, ಅದರ ಮೇಲೆ ಎರಡು ಕೋಟ್ ಬಣ್ಣ. ಪರಿಶೀಲನೆಯೋರು ಬರೋ ಹಿಂದಿನ ದಿನವೇ ಮುಗಿಸಿದೆ. ಅವರು ಬಂದು, ಮನೆ ಹೊಸದಾಗಿ ಕಟ್ಟಿಸಿದ್ರಾ ಅಂತ ಕೇಳಿದ್ರಂತೆ.”

ಅವಳಿಗೆ ನಗು ಬಂತು, ಸಿಟ್ಟೂ ಬಂತು. ಎರಡನ್ನೂ ತೋರಿಸುವಷ್ಟು ತ್ರಾಣ ಇರಲಿಲ್ಲ. ಜನ ಹರಿದ ಹಾಸಿಗೆ, ಒಡೆದ ಬಾಗಿಲು ಎಲ್ಲವನ್ನೂ ಮಕ್ಕಳ ಹಾಗೆ ಜೋಪಾನ ಮಾಡಿ ಪರಿಶೀಲನೆಯವರಿಗೆ ತೋರಿಸಿದ್ದರು. ಈ ಪುಣ್ಯಾತ್ಮ ಸಾಕ್ಷಿಯನ್ನೇ ಅಳಿಸಿ ಕೂತಿದ್ದ.

“ಯಾಕ್ರೀ ಹೊಡೆದ್ರಿ? ಒಂದು ವಾರ ತಡೆಯೋಕೆ ಆಗ್ತಿರಲಿಲ್ವಾ?”

ಅವನು ಉಗುರಿನ ಬಣ್ಣ ಕೆರೆಯತೊಡಗಿದ. “ನೋಡೋಕಾಗ್ತಿರಲಿಲ್ಲ ಮೇಡಂ. ನೀರು ಏರ್ತಾ ಇದ್ದ ದಿನ ನಾನು ಫೋನ್ ಮಾಡಿ, ನಾನು ಬರೋವರ್ಗೂ ಮನೆ ಬಿಡಬೇಡ, ಬಂದು ಕರ್ಕೊಂಡು ಹೋಗ್ತೀನಿ ಅಂದಿದ್ದೆ. ಕೆಲಸಕ್ಕೆ ಹೋಗಿದ್ದ ಮನೆಯೋರು ಸಾಮಾನು ಮಾಳಿಗೆಗೆ ಏರಿಸಿಕೊಟ್ಟು ಹೋಗು ಅಂದ್ರು. ಏರಿಸಿ ಬರೋಷ್ಟರಲ್ಲಿ ಸೇತುವೆ ಮುಳುಗಿತ್ತು. ಬೀದಿಯೋರೆಲ್ಲ ಕರೆದ್ರೂ ಅಕ್ಕ ಹೋಗಲಿಲ್ಲ, ತಮ್ಮ ಬರ್ತಾನೆ ಅಂತ ಕೂತ್ಲು. ಬರೀ ಸೊಂಟದವರೆಗೆ ಬಂತು ಅಂತಾಳೆ. ಸೊಂಟದವರೆಗೇ ಆಗ್ಲಿ, ಒಬ್ಬಳೇ ಇದ್ಲಲ್ಲ.”

ಬಣ್ಣ ಹೊಡೆಯುವ ಮೊದಲು ಕೆರೆದ ಗೆರೆ ಎಷ್ಟು ಎತ್ತರದಲ್ಲಿತ್ತು ಎಂದು ಅವಳು ಕೇಳಿದಳು. ಗೋಡೆಯನ್ನೆಲ್ಲ ಅಕ್ಕ ತಾನೇ ಮೊದಲೇ ತಿಕ್ಕಿ ತೊಳೆದಿದ್ದಳಂತೆ, ಸೊಂಟದ ಹತ್ತಿರ ಮಾತ್ರ ಒಂದು ಗೆರೆ ಉಳಿದಿತ್ತಂತೆ. ಅದರ ಮೇಲಿನದೆಲ್ಲ ಹಳೇ ತೇವದ ಕಲೆ ಅಂತ ಅವಳೇ ಹೇಳಿದ್ದಳಂತೆ. ಲೈಬ್ರರಿ ಮೇಡಂ ಡಬ್ಬಿ ಮುಚ್ಚಿಟ್ಟು ಎದ್ದಳು. ಗುರುತು ತೋರಿಸದೆ ಅರ್ಜಿ ಕೊಟ್ಟರೆ ಕಸದ ಬುಟ್ಟಿಯೇ ಗತಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮನೆ ಎರಡು ಬೀದಿ ಆಚೆ. ಒಳಗೆ ಕಾಲಿಟ್ಟರೆ ತಿಳಿ ಹಸಿರು ಗೋಡೆ, ಕನ್ನಡಿ ಹಾಗೆ. ನೆಲದ ಮೇಲೆ ಒಂದು ಚಾಪೆ, ಒಂದು ಸ್ಟವ್, ಯಾರೋ ಕೊಟ್ಟ ಎರಡು ಪಾತ್ರೆ, ಮೂಲೆಯಲ್ಲಿ ಕಾಲು ತುಕ್ಕು ಹಿಡಿದ ಕಬ್ಬಿಣದ ಬೀರು. ಹೊಲಿಗೆ ಮಿಷನ್ ಇದ್ದ ಜಾಗ ಖಾಲಿ. ಅದರಿಂದಲೇ ಅಕ್ಕನ ಜೀವನ ನಡೆಯುತ್ತಿದ್ದದ್ದು. ಪರಿಹಾರ ಸಿಕ್ಕರೆ ಮತ್ತೊಂದು ಮಿಷನ್, ಇಲ್ಲದಿದ್ದರೆ ತಮ್ಮನ ಮನೆಯ ಪಡಸಾಲೆ.

“ಬಾರಮ್ಮಾ, ಕೂತ್ಕೋ,” ಎಂದಳು ಅಕ್ಕ. ಅರವತ್ತು ದಾಟಿದ ಗಿಡ್ಡ ಹೆಂಗಸು, ಮಾತಿನಲ್ಲಿ ಮಾತ್ರ ಆನೆ. “ಇವನ ಕೆಲಸ ನೋಡಿದ್ಯಾ? ಒಂದು ಮೂಲೆ ಬಿಟ್ಟಿಲ್ಲ ನನ್ನ ತಮ್ಮ. ಬೇರೆ ಪೇಂಟರ್‌ಗಳು ಕಣ್ಣಿಗೆ ಕಾಣೋ ಕಡೆ ಹೊಡೆದು ಹೋಗ್ತಾರೆ.”

“ಅದೇ ತೊಂದ್ರೆ ಆಗಿರೋದು ಅಮ್ಮಾ,” ಎಂದಳು ಮೇಡಂ. ಪೇಂಟರ್ ಕಡೆ ತಿರುಗಿ, “ನಿಜ ಹೇಳಿ. ಎಲ್ಲಾದ್ರೂ ಬಿಟ್ಟಿದ್ದೀರಾ?”

ಅವನ ಮುಖ ಕೆಂಪಗಾಯಿತು. ಇಪ್ಪತ್ತು ವರ್ಷ ಯಾವ ಮನೆಯಲ್ಲೂ ಒಂದು ಗೇಣು ಗೋಡೆಯನ್ನೂ ಬಣ್ಣ ಹೊಡೆಯದೆ ಬಿಟ್ಟವನಲ್ಲ ಎಂದು ಹೆಸರು ಮಾಡಿದವನಿಗೆ ಅಕ್ಕನ ಎದುರಿಗೇ ಇಂಥ ಪ್ರಶ್ನೆ.

“ಬೀರು ಹಿಂದೆ,” ಎಂದ ಕೊನೆಗೆ. “ಸೊಂಟ ಹಿಡ್ಕೊಂಡಿತ್ತು. ಒಬ್ಬನ ಕೈಲಿ ಸರಿಸೋಕೆ ಆಗಲಿಲ್ಲ. ಹಾಗೇ ಬಿಟ್ಬಿಟ್ಟೆ.”

ಅಕ್ಕ ಅವನನ್ನು ಹಾಸ್ಯ ಮಾಡುತ್ತಾಳೆ ಅಂದುಕೊಂಡಿದ್ದಳು ಮೇಡಂ. ಆದರೆ ಅವಳು ಗಾಬರಿಯಿಂದ ಎದ್ದು ಬೀರುವಿಗೆ ಅಡ್ಡ ನಿಂತಳು.

“ಬೇಡ ಬಿಡೋ. ಬೀರು ಸರಿಸಿದ್ರೆ ಕಾಲು ಮುರಿಯತ್ತೆ. ಆ ಪರಿಹಾರ ಬರದಿದ್ರೆ ಅಷ್ಟೇ ಹೋಯ್ತು. ನಾನೇನು ಮಿಷನ್ ಜೊತೆ ಹುಟ್ಟಿದೋಳಾ?”

“ಅಮ್ಮಾ, ಇವತ್ತೇ ಕೊನೇ ದಿನ.”

“ಆಗ್ಲಿ ಬಿಡಮ್ಮಾ.”

ಪೇಂಟರ್ ಅಕ್ಕನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬೀರುವಿಗೆ ಹೆಗಲು ಕೊಟ್ಟ. ಮೇಡಂ ಇನ್ನೊಂದು ಕಡೆಯಿಂದ ಎಳೆದಳು. ಬೀರು ಕಿರ್ರೆನ್ನುತ್ತ ಒಂದು ಮೊಳ ಪಕ್ಕಕ್ಕೆ ಜರುಗಿತು. ಹಿಂದಿನ ಹಳೇ ಗೋಡೆಯಲ್ಲಿ ಗೆರೆ ಇತ್ತು, ಕಂದು ಬಣ್ಣದ್ದು, ಹಗ್ಗ ಹಿಡಿದು ಎಳೆದಷ್ಟು ನೇರ. ಅದಕ್ಕೆ ಒಣಗಿದ ಕಡ್ಡಿ, ಎಲೆ ಅಂಟಿಕೊಂಡಿದ್ದವು. ಪೇಂಟರ್ ಸೊಂಟದ ಮಟ್ಟದಲ್ಲಿ ಹುಡುಕುತ್ತಿದ್ದ, ಗೆರೆ ಅಲ್ಲಿರಲಿಲ್ಲ.

ಬರೀ ಗೋಡೆಯ ಫೋಟೋ ಹಾಕಿದರೆ, ಯಾರ ಮನೆಯದು, ಎಷ್ಟು ಎತ್ತರ ಎಂದು ಕೇಳಿ ತಿರುಗಿ ಬರುತ್ತಿತ್ತು. ಹಾಗಾಗಿ ಮನೆಯವರನ್ನೇ ಗೆರೆಯ ಪಕ್ಕ ನಿಲ್ಲಿಸಿ ತೆಗೆಯುವುದು ಮೇಡಂ ಪದ್ಧತಿ. ನೂರಾರು ಜನರನ್ನು ಹಾಗೆ ನಿಲ್ಲಿಸಿದ್ದಳು. “ಇಲ್ಲಿ ನಿಂತ್ಕೊಳ್ಳಿ ಅಮ್ಮಾ,” ಎಂದಳು ಯಾವುದನ್ನೂ ಯೋಚಿಸದೆ.

ಅಕ್ಕ ಬಂದು ನಿಂತಳು. ಗೆರೆ ಅವಳ ಗಲ್ಲದ ಮೇಲೆ, ಕೆಳತುಟಿಯ ಹತ್ತಿರ ಹಾದುಹೋಗುತ್ತಿತ್ತು.

ಮೇಡಂ ಫೋನ್ ಹಿಡಿದವಳು ಹಾಗೇ ನಿಂತಳು. ಪೇಂಟರ್ ಗೆರೆಯನ್ನು ನೋಡಿದ, ಅಕ್ಕನ ಬಾಯಿಯನ್ನು ನೋಡಿದ.

“ಸೊಂಟದವರೆಗೆ ಅಂದಿದ್ಯಲ್ಲ,” ಎಂದ.

“ಹೂಂ ಕಣೋ. ಮಂಚ ಏರಿದ ಮೇಲೆ ಸೊಂಟವೇ.”

“ಮಂಚ ತೇಲಿ ಹೋಗಿತ್ತಲ್ಲ ಅಕ್ಕ. ಹೊರಗೆ ಮೋರಿ ಹತ್ರ ಸಿಕ್ಕಿದ್ದು ನಂಗೇ.”

ಮೇಡಂ ಫೋಟೋ ತೆಗೆದಳು. ಚಾಪೆಯ ಮೇಲೆ ಕೂತು ಹೊಸ ಅರ್ಜಿ ಬಿಡಿಸಿದಳು. ಹೆಸರು, ಮನೆ ನಂಬರು ಬರೆದಳು. ನೀರಿನ ಮಟ್ಟ ಎಂಬಲ್ಲಿ ಹಳೇ ಅರ್ಜಿಯಂತೆ ‘ಸೊಂಟ’ ಎಂದೇ ಬರೆ ಎಂದು ಅಕ್ಕ ಗೊಣಗಿದಳು. ತಮ್ಮ, “ಬಾಯಿವರೆಗೆ ಅಂತ ಬರೀರಿ ಮೇಡಂ,” ಎಂದ. ಅವಳು ಬರೆದಳು.

ಮುಂದಿನ ಪ್ರಶ್ನೆ ಅವಳಿಗೆ ಬಾಯಿಪಾಠ. ಅದನ್ನು ಇವತ್ತು ಕೇಳದೆ ಬಿಡಬೇಕು ಅನ್ನಿಸಿತು. ಖಾಲಿ ಬಿಟ್ಟರೆ ಅರ್ಜಿ ತೆಗೆದುಕೊಳ್ಳುವುದಿಲ್ಲ, ಅಂದಾಜಿಗೆ ಏನಾದರೂ ಬರೆದುಬಿಡೋಣ ಅಂದುಕೊಂಡಳು. ಪೇಂಟರ್ ಅವಳ ಹೆಗಲ ಮೇಲಿಂದ ಬಗ್ಗಿ ಅದನ್ನು ತಾನೇ ಓದಿಕೊಂಡಿದ್ದ. ಅಕ್ಕನ ಎದುರು ಕುಕ್ಕರುಗಾಲಿನಲ್ಲಿ ಕೂತ.

“ನೀರು ಎಷ್ಟು ಹೊತ್ತು ನಿಂತಿತ್ತು ಅಂತ ಕೇಳಿದ್ದಾರೆ. ಸುಳ್ಳು ಹೇಳಬೇಡ ಅಕ್ಕ.”

“ಬೇಡ ಕಣೋ, ನೀನು ಸ್ವಲ್ಪ ಆಚೆ ಹೋಗಿರು.”

“ಹೋಗಲ್ಲ. ಇಲ್ಲೇ ಇರ್ತೀನಿ.”

ಅಕ್ಕ ಅವನ ತಲೆಯ ಮೇಲೊಮ್ಮೆ ಕೈಯಾಡಿಸಿ, ಮೇಡಂ ಕಡೆ ತಿರುಗಿ, ಯಾರದ್ದೋ ವಿಷಯ ಹೇಳುವವಳ ಹಾಗೆ, “ಹದಿಮೂರು ಗಂಟೆ, ಬರ್ಕೋಮ್ಮಾ,” ಎಂದಳು.