ಇಬ್ಬರ ನಡುವೆ ನೀರಮ್ಮ

ನಡುಮನೆಯಲ್ಲಿ ಹೆಂಡತಿಯ ಶವವಿಟ್ಟುಕೊಂಡು ದರ್ಜಿ ಹೊಲಿಗೆಯಂತ್ರ ತುಳಿಯುತ್ತಿದ್ದ. ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಆ ಕಟಕಟ ಸದ್ದು ಕೇಳುತ್ತಿತ್ತು. ತಾಳಲಾರದೆ ನಾದಿನಿ ಒಳಗೆ ಬಂದಳು.

"ಭಾವ, ಏನಿದು? ಜನ ಏನಂದ್ಕೋತಾರೆ?"

"ಅಂಗಡಿಯವನು ಹೊದಿಸೋ ಬಟ್ಟೆ ಹರಿದು ಕೊಟ್ಟಿದಾನೆ ಕಣಮ್ಮ. ಅಂಚೆಲ್ಲ ನೂಲುನೂಲು. ನಿಮ್ಮಕ್ಕ ಅಂಚು ಹೊಲಿಯದ ಕರವಸ್ತ್ರಾನೂ ಮುಟ್ಟಿದವಳಲ್ಲ. ಇದೊಂದು ಬದಿ ಉಳಿದಿದೆ, ಅಷ್ಟೇ."

ನಾದಿನಿ ಬಿಳಿ ಬಟ್ಟೆಯ ತುದಿ ನೆಲಕ್ಕೆ ತಾಗದಂತೆ ಎತ್ತಿ ಹಿಡಿದು ನಿಂತಳು.

ಸತ್ತವಳು ಪುರಸಭೆಯ ನೀರಿನ ವಿಭಾಗದ ಇಂಜಿನಿಯರು. ಊರವರ ಬಾಯಲ್ಲಿ ನೀರಮ್ಮ. ನಿನ್ನೆ ಪುರಸಭೆ ಕಚೇರಿಯ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವಳು ಮತ್ತೆ ಏಳಲಿಲ್ಲ.

"ನಲ್ಲೀಲಿ ಕೆಂಪು ನೀರು ಬಂದಾಗೆಲ್ಲ ಅವರಿಗೇ ಫೋನ್ ಮಾಡಿ ಬೈತಿದ್ದೆ," ಅಂದಳು ಪಕ್ಕದ ಮನೆಯಾಕೆ. "ಒಂದಿನಾನೂ ಫೋನ್ ಎತ್ತದೆ ಇದ್ದವರಲ್ಲ. ಇನ್ನು ಬೈಯೋಕೆ ಯಾರಿದಾರೆ ಹೇಳಿ?" ಎನ್ನುತ್ತ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

* * *

ಊರ ಅಂಚಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಅದು ನೆಲದ ನೀರನ್ನು ಹೀರಿ ಬಣ್ಣದ ನೀರನ್ನು ಹಳ್ಳಕ್ಕೆ ಬಿಡುತ್ತಿತ್ತು. ಮುಚ್ಚಿಸೋಣವೆಂದರೆ ಅರ್ಧ ಊರಿನ ಒಲೆ ಉರಿಯುತ್ತಿದ್ದುದೇ ಅದರಿಂದ. ನೀರು ಶುದ್ಧ ಮಾಡುವ ಘಟಕ ಕಟ್ಟಲು ಪುರಸಭೆಗೆ ಒಂಟಿಯಾಗಿ ತಾಕತ್ತಿಲ್ಲ. ಕಾರ್ಖಾನೆಯ ಸಾಹುಕಾರರಿಗೆ ಒಂಟಿಯಾಗಿ ಮನಸ್ಸಿಲ್ಲ. ನೀರಮ್ಮ ಪುರಸಭೆಯ ಅಧ್ಯಕ್ಷರನ್ನೂ ಸಾಹುಕಾರರನ್ನೂ ಒಂದೇ ಮೇಜಿಗೆ ತಂದು ಕೂರಿಸಿದಳು. ಜಾಗ, ಯಂತ್ರ ಸಾಹುಕಾರರದು. ಕೊಳವೆ, ಕರೆಂಟು ಪುರಸಭೆಯದು. ಊರಿನ ಕೊಳಕು ನೀರೂ ಕಾರ್ಖಾನೆಯ ಬಣ್ಣದ ನೀರೂ ಅಲ್ಲಿ ತಿಳಿಯಾಗಿ ಮತ್ತೆ ಕಾರ್ಖಾನೆಗೇ ಹೋಗಬೇಕು. ನೆಲದ ನೀರು ಊರಿಗೆ ಉಳಿಯಬೇಕು.

ಕಟ್ಟಡವೇನೋ ಎದ್ದಿತು. ಆಮೇಲೆ, ಘಟಕ ಕೆಟ್ಟು ನಿಂತರೆ ಹೊಣೆ ಯಾರದು ಎಂಬಲ್ಲಿ ಗಾಡಿ ನಿಂತಿತು. ಮೊದಲು ಅವರು ಸಹಿ ಮಾಡಲಿ ಅಂತ ಇವರು, ಇವರು ಮಾಡಲಿ ಅಂತ ಅವರು. ಮುಖ ನೋಡುವುದೂ ನಿಂತುಹೋಯಿತು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತ ನೀರಮ್ಮನ ಚಪ್ಪಲಿ ಸವೆಯಿತು.

"ಅಧ್ಯಕ್ಷರ ಪ್ರಕಾರ ನಾನು ಸಾಹುಕಾರರ ಕಡೆಯವಳು, ಸಾಹುಕಾರರ ಪ್ರಕಾರ ಅಧ್ಯಕ್ಷರ ಕಡೆಯವಳು," ಎಂದು ಒಂದು ಸಂಜೆ ಗಂಡನೆದುರು ಬಿಸಿನೀರಲ್ಲಿ ಕಾಲಿಟ್ಟುಕೊಂಡು ನಕ್ಕಿದ್ದಳು.

"ಬಿಟ್ಹಾಕು. ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ?"

"ಬಿಟ್ರೆ ಇಬ್ಬರೂ ಹಾಯಾಗಿ ನಿದ್ದೆ ಮಾಡ್ತಾರೆ ರೀ. ಇದೊಂದು ಮುಗೀಲಿ. ಆಮೇಲೆ ರಜ ಹಾಕಿ ನಿಮ್ಮ ಪಕ್ಕ ಕೂತು ಗುಂಡಿ ಹಾಕ್ಕೊಡ್ತೀನಿ."

"ನಿಂಗೆಲ್ಲಿ ಬರುತ್ತೆ ಗುಂಡಿ ಹಾಕೋಕೆ?"

"ಕಲಿಸಿ ಮತ್ತೆ."

ಮಾರನೆಯ ದಿನವೇ ದರ್ಜಿ ಯಂತ್ರದ ಪಕ್ಕ ಒಂದು ಸ್ಟೂಲು ತಂದಿಟ್ಟ. ಅದರ ಮೇಲೆ ಹೊಲಿಯಬೇಕಾದ ಬಟ್ಟೆಗಳು ಏರುತ್ತ ಹೋದವೇ ಹೊರತು ಅವಳು ಕೂರಲೇ ಇಲ್ಲ.

* * *

ಹೊರಗೆ ಗದ್ದಲ ಕೇಳಿ ದರ್ಜಿ ಬಾಗಿಲಿಗೆ ಬಂದ. ಬೀದಿಯ ಒಂದು ತುದಿಯಿಂದ ಪುರಸಭೆಯ ಅಧ್ಯಕ್ಷರು, ಇನ್ನೊಂದು ತುದಿಯಿಂದ ಸಾಹುಕಾರರು ಹೂವಿನ ಹಾರ ಹಿಡಿದು ಬಂದಿದ್ದರು.

"ಘಟಕಕ್ಕೆ ಅವರ ಹೆಸರೇ ಇಡ್ತೀವಿ," ಎಂದರು ಅಧ್ಯಕ್ಷರು, ನೆರೆದವರ ಕಡೆ ತಿರುಗಿ.

"ಜಾಗ ನಮ್ಮದು. ಹೆಸರು ಇಡೋರೂ ನಾವೇ," ಎಂದರು ಸಾಹುಕಾರರು, ಅವರೂ ನೆರೆದವರ ಕಡೆಗೇ ತಿರುಗಿ.

"ಕೊಳವೆ ಇಲ್ಲದೆ ಅವರ ಜಾಗ ಏನು ಮಾಡುತ್ತಂತೆ?"

"ಸಾಕು," ಎಂದ ದರ್ಜಿ. ದನಿ ಏರಲಿಲ್ಲ. "ಹೆಸರು ಬೇಡ. ನಿನ್ನೆ ಅವಳು ಸಾಹುಕಾರರ ಹತ್ರ ಹೋಗಿ, ಅಲ್ಲಿಂದ ಅಧ್ಯಕ್ಷರ ಹತ್ರ ಹೋಗೋಕೆ ಮೆಟ್ಟಿಲು ಹತ್ತುವಾಗ ಕುಸಿದಿದ್ದು. ಇನ್ಮೇಲೆ ನಿಮ್ಮ ಮಧ್ಯ ಓಡಾಡೋರು ಯಾರು? ಮಾತಾಡೋದಿದ್ರೆ ನೀವೇ ಮಾತಾಡ್ಕೊಳ್ಳಿ. ಇಲ್ಲದಿದ್ರೆ ಅದನ್ನ ಹಾಳು ಬೀಳೋಕೆ ಬಿಡಿ. ನಂಗೇನೂ ಬೇಕಿಲ್ಲ. ನಂಗೆ ನನ್ನ ಹೆಂಡ್ತಿ ಬೇಕಿತ್ತು."

ಅಷ್ಟು ಹೇಳಿ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತ. ನಿನ್ನೆಯಿಂದ ಅಳದೇ ಇದ್ದವನು ಈಗ ಯಾರು ಸಮಾಧಾನ ಹೇಳಿದರೂ ಕೇಳದಂತೆ ಅತ್ತ. ಸಾಹುಕಾರರು ಹಾರವನ್ನು ಕೈಯಲ್ಲೇ ಹಿಡಿದು ನೆಲ ನೋಡುತ್ತ ನಿಂತರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು.

ಚಟ್ಟ ಎತ್ತುವ ಹೊತ್ತಿಗೆ ಯಾರೂ ಕರೆಯದಿದ್ದರೂ ಇಬ್ಬರೂ ಮುಂದೆ ಬಂದರು. ಎಡಗಡೆ ಸಾಹುಕಾರರು, ಬಲಗಡೆ ಅಧ್ಯಕ್ಷರು, ಹಿಂದೆ ಬೀದಿಯವರಿಬ್ಬರು. ಸಾಹುಕಾರರು ದೀಪದ ಕಂಬದಂಥ ಆಳು. ಅಧ್ಯಕ್ಷರು ಅವರ ಎದೆಮಟ್ಟ. ಎತ್ತಿದ್ದೇ ಚಟ್ಟ ಒಂದು ಬದಿಗೆ ವಾಲಿತು.

"ಅಯ್ಯೋ, ಅಕ್ಕ ಜಾರ್ತಾಳೆ!" ನಾದಿನಿ ಕೂಗಿದಳು.

"ನೀವು ಸ್ವಲ್ಪ ಎತ್ತಿ," ಎಂದರು ಸಾಹುಕಾರರು.

"ನೀವು ಸ್ವಲ್ಪ ಬಗ್ಗಿ," ಎಂದರು ಅಧ್ಯಕ್ಷರು.

ತಿಂಗಳುಗಳ ನಂತರ ಅವರಿಬ್ಬರು ನೇರವಾಗಿ ಆಡಿದ ಮೊದಲ ಮಾತು ಅದು. ಬೀದಿಯ ತಿರುವಿನಲ್ಲಿ ಅಧ್ಯಕ್ಷರ ದನಿ ಮತ್ತೆ ಕೇಳಿತು: "ನಾಳೆ ಕಾರ್ಖಾನೇಲಿ ಇರ್ತೀರಾ?"

"ಇರ್ತೀನಿ. ಬನ್ನಿ."

ಹಿಂದೆ ನಡೆಯುತ್ತಿದ್ದ ದರ್ಜಿ ಅದನ್ನು ಕೇಳಿಸಿಕೊಂಡ. ಈ ನಾಲ್ಕು ಮಾತು ಮೊನ್ನೆಯೇ ಆಡಿದ್ದರೆ ಎಂದುಕೊಂಡ. ಮುಂದಿನದನ್ನು ಯೋಚಿಸಲಾಗದೆ ತಲೆಯೆತ್ತಿ ನೋಡಿದ. ಅಧ್ಯಕ್ಷರು ಬಿದಿರನ್ನು ಎರಡೂ ಅಂಗೈಯಲ್ಲಿ ಹೆಗಲಿಗಿಂತ ಮೇಲೆ ಹಿಡಿದಿದ್ದರು. ಸಾಹುಕಾರರು ಮೊಣಕಾಲು ಮಡಚಿಕೊಂಡೇ, ಕೂರುವವರ ಹಾಗೆ, ತಡವರಿಸಿ ಹೆಜ್ಜೆ ಹಾಕುತ್ತಿದ್ದರು. ಇಬ್ಬರಿಗೂ ಬೆನ್ನೆಲ್ಲ ಬೆವರು. ಹೆಗಲು ಬದಲಿಸಲು ಬಂದವರಿಗೆ ಬೇಡವೆಂದು ತಲೆಯಾಡಿಸುತ್ತ ನಡೆದರು. ಅವರ ನಡುವೆ ನೀರಮ್ಮ ಅಲುಗದೆ, ಯಾವ ಬದಿಗೂ ವಾಲದೆ ಮಲಗಿದ್ದಳು.