ಎರಡನೆಯ ದಿನ

‘ಒಳ್ಳೆಯದು’ ಎಂದು ಬಾಯಿ ಅಂದುಬಿಟ್ಟಿತ್ತು. ಕಣ್ಣು ಇನ್ನೂ ನೋಡುತ್ತಲೇ ಇತ್ತು.

ತಲೆ, ಒಳ್ಳೆಯದು. ಬೆನ್ನುಮೂಳೆ, ಒಳ್ಳೆಯದು. ಕೈಕಾಲು, ಒಳ್ಳೆಯದು. ಕತ್ತಲ ಕೋಣೆಯಲ್ಲಿ ಕೂತು, ಪರದೆಯ ನೀರೊಳಗೆ ತೇಲುವುದನ್ನೆಲ್ಲ ಹೀಗೆ ಹೆಸರು ಹಿಡಿದು ದಾಟಿಸುವುದು ಸ್ಕ್ಯಾನಿಂಗ್ ಡಾಕ್ಟರನ ಹಳೆಯ ಅಭ್ಯಾಸ. ಹೃದಯಕ್ಕೂ ಅದೇ ತಾಳದಲ್ಲಿ ಅಂದಿದ್ದ. ಆಮೇಲೆ ಕಂಡಿತು. ನಾಲ್ಕು ಕೋಣೆ ಇರಬೇಕಾದ ಕಡೆ ಎಡಗಡೆಯದೊಂದು ಬೆಳೆದೇ ಇರಲಿಲ್ಲ. ಒಂದು ಗೀರಿನಷ್ಟಿತ್ತು.

ಮಲಗಿದ್ದವಳು ಅವನ ಬಸುರಿ ತಂಗಿ.

“ಎಲ್ಲ ಸರಿಯಿದೆ ತಾನೇ ಅಣ್ಣ?”

“ಅಲ್ಲಾಡ್ಬೇಡ.”

“ನಾನೆಲ್ಲಿ ಅಲ್ಲಾಡ್ದೆ? ಒಳಗಿರೋರು ಅಲ್ಲಾಡ್ತಿದಾರೆ. ಮಾವ ಅಂದ್ರೆ ಭಯವೇ ಇಲ್ಲ ನೋಡು.”

ಮೂಲೆಯ ಕುರ್ಚಿಯಿಂದ ಅಮ್ಮ ಎದ್ದಳು. “ಒಂದೊಂದಕ್ಕೂ ಒಳ್ಳೆಯದು ಅಂದ್ನಲ್ಲೇ. ನನ್ನ ಕಿವಿ ಇನ್ನೂ ನೆಟ್ಟಗಿದೆ.” ಫೋನು ಹುಡುಕುತ್ತಾ ಹೊರಗೆ ಹೋದಳು.

ಅವನು ಹೊಟ್ಟೆಯ ಮೇಲಿನ ಪ್ರೋಬನ್ನು ಓರೆ ಮಾಡಿದ, ಮತ್ತೆ ನೆಟ್ಟಗೆ ಹಿಡಿದ. ಗೀರು ಗೀರಾಗಿಯೇ ಉಳಿಯಿತು. ಹೃದಯದ ಡಾಕ್ಟರಿಗೆ ಒಮ್ಮೆ ತೋರಿಸಿಬಿಡೋಣ ಎಂಬ ಮಾತು ಗಂಟಲವರೆಗೆ ಬಂತು. ಬೇರೆಯ ಹೆಂಗಸರಿಗೆ ಎಷ್ಟೋ ಸಲ ಹೇಳಿದ ಮಾತು. ಹೇಳುವಾಗಿನ ದನಿಯೂ ಸಿದ್ಧವಿತ್ತು.

“ಒರೆಸ್ಕೋ,” ಎಂದು ಬಟ್ಟೆ ಕೊಟ್ಟ.

“ಮೊದಲಿನ ಎರಡು ಬಸಿರೂ ಇಲ್ಲಿತನಕ ಬರಲೇ ಇಲ್ಲ,” ತಂಗಿ ಹೊಟ್ಟೆ ಒರೆಸಿಕೊಳ್ಳುತ್ತಾ ಅಂದಳು. “ಇದು ಹಟಮಾರಿ.”

“ಹೂಂ.”

ಭಾನುವಾರ, ಕ್ಲಿನಿಕ್ಕಿಗೆ ರಜೆ. ಅವಳಿಗಾಗಿಯೇ ಬೆಳಿಗ್ಗೆ ಬಾಗಿಲು ತೆರೆದಿದ್ದ. ಈಗ ಬೀಗ ಹಾಕಿ, ಮತ್ತೊಮ್ಮೆ ಎಳೆದು ನೋಡಿದ.

“ಪಾದ್ರಿಗಳಿಗೆ ಹೇಳಾಯ್ತು,” ಕಾರಿನಲ್ಲಿ ಅಮ್ಮ ಅಂದಳು. “ಇವತ್ತೇ ಸ್ತೋತ್ರದ ಪ್ರಾರ್ಥನೆ.”

“ಅಷ್ಟು ಅವಸರ ಯಾಕಮ್ಮ?”

“ದೇವರಿಗೆ ಥ್ಯಾಂಕ್ಸ್ ಹೇಳೋಕೂ ನಿನ್ನ ಅಪಾಯಿಂಟ್‌ಮೆಂಟ್ ತಗೋಬೇಕೇನೋ?”

ತಂಗಿ ನಕ್ಕಳು. ಅವನೂ ನಕ್ಕ. ಸಿಗ್ನಲ್ಲು ಹಸಿರಾದದ್ದು ಹಿಂದಿನವರು ಹಾರ್ನ್ ಹೊಡೆದ ಮೇಲೆಯೇ ತಿಳಿದದ್ದು.

ಅಪ್ಪ ಚರ್ಚಿನ ಸಭೆಯಲ್ಲಿ ಉಪದೇಶಿಯಾಗಿದ್ದ. ಸಂಜೆ ದೀಪ ಹಚ್ಚಿದ ಮೇಲೆ ಬೈಬಲಿನ ಸೃಷ್ಟಿಯ ಆರು ದಿನಗಳನ್ನು ರಾಗವಾಗಿ ಹೇಳುತ್ತಿದ್ದ. ಒಂದೊಂದು ದಿನದ ಪಾಠ ಮುಗಿದಾಗಲೂ ಮಕ್ಕಳಿಬ್ಬರೂ ‘ಒಳ್ಳೆಯದು’ ಅನ್ನಬೇಕು. ಎರಡನೆಯ ದಿನ ಮಾತ್ರ ಅನ್ನಬಾರದು. ಆ ದಿನ ದೇವರು ನೀರನ್ನು ಸೀಳಿ ಆಕಾಶ ಮಾಡಿದ, ಒಳ್ಳೆಯದೆಂದು ಮಾತ್ರ ಹೇಳಲಿಲ್ಲ. ಇವನು ಪ್ರತಿ ಸಲ ಹೇಳಿಬಿಡುತ್ತಿದ್ದ. ತಲೆಗೊಂದು ಮೊಟಕು ಬೀಳುತ್ತಿತ್ತು.

“ದೇವರು ಯಾಕೆ ಹೇಳಲಿಲ್ಲ?” ಎಂದು ಒಮ್ಮೆ ಕೇಳಿದ್ದ.

“ನೀರಿನ ಕೆಲಸ ಇನ್ನೂ ಮುಗಿದಿರಲಿಲ್ಲ ಕಣೋ. ಮುಗಿಯದ್ದನ್ನ ಅವನೂ ಒಳ್ಳೆಯದು ಅನ್ನಲ್ಲ.”

ಚರ್ಚಿನಲ್ಲಿ ಅವರಿಗಾಗಿ ಮುಂದಿನ ಬೆಂಚು ಬಿಟ್ಟಿದ್ದರು. ಸ್ತೋತ್ರದ ದಿನ ಇಲ್ಲಿ ಓದುವುದೂ ಅದೇ ಪಾಠ. ಪಾದ್ರಿ ಮೊದಲ ದಿನವನ್ನು ಓದಿದರು. “ಒಳ್ಳೆಯದು,” ಎಂದಿತು ಸಭೆ. ಎರಡನೆಯ ದಿನ ಓದಿದರು. ಸಭೆ ಸುಮ್ಮನಿತ್ತು.

“ಒಳ್ಳೆಯದು,” ಎಂದ ಅವನು, ಒಬ್ಬನೇ, ಸ್ಪಷ್ಟವಾಗಿ.

ತಲೆಗಳು ತಿರುಗಿದವು. ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾ ಕುಲುಕತೊಡಗಿದಳು. “ಅಪ್ಪ ಇದ್ದಿದ್ರೆ ಇಲ್ಲೇ ಮೊಟಕ್ತಿದ್ರು.”

ಪಾದ್ರಿಗೆ ವಯಸ್ಸಾಗಿತ್ತು, ದನಿ ದಣಿದಿತ್ತು. “ಮೊದಲ ದಿನ ನೋಡಿದವನೇ ಕೊನೆಯ ದಿನವೂ ನೋಡುವವನು,” ಎಂದರು. “ಮಾಡಿದ ಕೈಯೇ ತೂಗುವ ಕೈ. ಆ ಎರಡು ನೋಟಗಳ ನಡುವೆ ಕೈಮುಗಿದು ನಿಲ್ಲೋದಷ್ಟೇ ನಮ್ಮ ಪಾಲು. ಅದನ್ನೇ ಆರಾಧನೆ ಅಂತೀವಿ.”

ಹಾಗಾದರೆ ತಾನು ಎಲ್ಲಿ ನಿಂತಿದ್ದೇನೆ? ಮಾಡಿದವನಲ್ಲ, ತೂಗುವವನೂ ಅಲ್ಲ; ಆದರೂ ದಿನವಿಡೀ ನೋಡುತ್ತಾನೆ. ದೇವರು ನೋಡಿ ಆಮೇಲೆ ಅಂದ. ಇವನು ಅಂದು ಆಮೇಲೆ ನೋಡಿದ. ಕೈಮುಗಿಯಲು ನೋಡಿದ, ಬೆರಳುಗಳಲ್ಲಿ ಇನ್ನೂ ಸ್ಕ್ಯಾನಿಂಗ್ ಜೆಲ್ಲಿನ ಅಂಟು.

ತಂಗಿ ಮುಂದೆ ಹೋಗಿ ಮಂಡಿಯೂರಿದಳು. ಪಾದ್ರಿ ಅವಳ ತಲೆಯ ಮೇಲೆ ಕೈಯಿಟ್ಟರು. ಎಲ್ಲರೂ ಎದ್ದು ಹಾಡಿದರು. ಅವನ ತುಟಿಯೂ ಆಡಿತು. ವಾಪಸು ಬಂದು ಕೂತಾಗ ಅವಳ ಕಣ್ಣು ಒದ್ದೆಯಾಗಿತ್ತು.

“ಅಣ್ಣ, ಹೃದಯವನ್ನ ಮಾತ್ರ ಅಷ್ಟು ಹೊತ್ತು ಯಾಕೆ ನೋಡ್ದೆ?”

“ಪ್ರಾರ್ಥನೆ ನಡೀತಿದೆ.”

“ಮುಗಿದ್ಮೇಲೆ ಹೇಳ್ತೀಯಾ?”

ಅವನು ಕಣ್ಣು ಮುಚ್ಚಿದ. ಭಕ್ತಿ ಎಂದುಕೊಂಡು ಅಮ್ಮ ಅವನ ಭುಜ ತಟ್ಟಿದಳು.

ಆಶೀರ್ವಾದ ಮುಗಿದು ಎದ್ದಾಗ ಒಬ್ಬ ಮುದುಕ ದಾರಿಗೆ ಅಡ್ಡ ನಿಂತಿದ್ದ. “ಸಿಕ್ಕಿದ್ದೀರಲ್ಲ ಡಾಕ್ಟರೇ, ಇದನ್ನೊಂಚೂರು,” ಎಂದು ಎಕ್ಸ್‌ರೇಯೊಂದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. ಬಿಸಿಲಿನಲ್ಲಿ ಪಕ್ಕೆಲುಬುಗಳು ಎದ್ದು ಬಂದವು. ಮುದುಕನ ಹಿಂದೆ ಸ್ಕ್ಯಾನಿನ ಕವರು ಹಿಡಿದ ಹೆಂಗಸು. ಅವಳ ಹಿಂದೆ ಇನ್ನೊಬ್ಬರು. ಬೆಂಚುಗಳ ನಡುವೆ ಸಾಲು ಬೆಳೆಯುತ್ತಿತ್ತು. ಎಲ್ಲರ ಕಣ್ಣೂ ಅವನ ಬಾಯಿಯ ಮೇಲಿತ್ತು.

ಸಾಲಿನ ಕೊನೆಗೆ ತಂಗಿ ಹೋಗಿ ನಿಂತಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

“ನೀನ್ಯಾಕೆ ಅಲ್ಲಿ? ಬಾ ಇಲ್ಲಿ.”

“ಪರವಾಗಿಲ್ಲ. ನನ್ನ ಸರದಿ ಬಂದಾಗ ಹೇಳು.” ಅವಳು ನಗುತ್ತಿರಲಿಲ್ಲ.

ಚರ್ಚಿನ ಕಾವಲುಗಾರ ಹಿಂದಿನಿಂದ ಒಂದೊಂದೇ ಕಿಟಕಿಯ ಮರದ ಕದ ಮುಚ್ಚುತ್ತಾ ಬಂದ. ಬಣ್ಣದ ಬೆಳಕು ನೆಲದಿಂದ ತುಂಡು ತುಂಡಾಗಿ ಅಳಿಯಿತು. ಕೊನೆಯ ಕಿಟಕಿಯೂ ಮುಚ್ಚಿದಾಗ ಪಕ್ಕೆಲುಬುಗಳು ಮಾಯವಾದವು. ಮುದುಕ ಆ ಕಪ್ಪು ಹಾಳೆಯನ್ನು ಎತ್ತಿ ಹಿಡಿದೇ ಇದ್ದ. ಅವನ ಹಿಂದೆ ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.